ಮಿಲ್ಲಿನ ದುಡ್ಡು, ಐವತ್ತು ಲಕ್ಷದ ಗಾಡಿ

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾದದ್ದೇ ತಡ, ರಾಯಚೂರಿನ ಅಕ್ಕಿ ಗಿರಣಿಯವರು, ಹತ್ತಿ ಜಿನ್ನಿಂಗ್‌ನವರು ಎಲ್ಲರ ಬಾಯಲ್ಲೂ ಕಾರಿನದೇ ಮಾತು. ದೊಡ್ಡ ಪೆಟ್ರೋಲ್ ಎಸ್‌ಯುವಿಗಳಿಗೆ ಸೆಸ್ಸೂ ಸೇರಿ ಶೇ 50ರವರೆಗೆ ಬೀಳುತ್ತಿದ್ದ ತೆರಿಗೆ ಶೇ 40ಕ್ಕೆ ಇಳಿದಿತ್ತು. ವಿದ್ಯುತ್ ಕಾರಿನ ಶೇ 5 ಹಾಗೇ ಉಳಿದಿತ್ತು. ಮಾನ್ವಿಯಲ್ಲಿ ಅಕ್ಕಿ ಮಿಲ್ಲು ನಡೆಸುವ ನಮ್ಮಣ್ಣ, ದಸರಾಕ್ಕೆ ಜರ್ಮನ್ ಕಂಪನಿಯ ಪೆಟ್ರೋಲ್ ಗಾಡಿ ತರುವುದೇ ಸೈ ಎಂದು ಹೊರಟ. ಅವನ ಮಗ, ಅದೇ ಕಂಪನಿಯ ಎಲೆಕ್ಟ್ರಿಕ್ ತರೋಣ ಎಂದು ಹಟ ಹಿಡಿದ. ಮನೆಯಲ್ಲಿ ತೆರಿಗೆ ಲೆಕ್ಕ ಬರೆಯುವವಳು ನಾನು. ಹೀಗಾಗಿ ಪಂಚಾಯಿತಿ ನನ್ನ ಮೇಜಿಗೇ ಬಂತು.

ಇಂಥ ಹೋಲಿಕೆಗೆ ಬಿಎಂಡಬ್ಲ್ಯು ಎಕ್ಸ್1 ಮತ್ತು ಐಎಕ್ಸ್1 ಒಳ್ಳೆಯ ಜೋಡಿ. ಹೆಚ್ಚುಕಡಿಮೆ ಒಂದೇ ಮೈಕಟ್ಟು, ಒಂದರಲ್ಲಿ ಪೆಟ್ರೋಲ್ ಎಂಜಿನ್, ಇನ್ನೊಂದರಲ್ಲಿ 66.4 ಕಿಲೋವ್ಯಾಟ್ ಅವರ್ ಬ್ಯಾಟರಿ. 2025ರ ಜನವರಿಯಲ್ಲಿ ಉದ್ದನೆಯ ಐಎಕ್ಸ್1 ಬಂದಾಗ ಷೋರೂಂ ಬೆಲೆ 49 ಲಕ್ಷ ರೂಪಾಯಿ. ಪೆಟ್ರೋಲ್‌ನದೂ ಐವತ್ತರ ಆಸುಪಾಸೇ. ಬೆಲೆ ಒಂದೇ ಆದ್ದರಿಂದ ಉಳಿದ ಖರ್ಚು ಕಣ್ಣಿಗೆ ನಿಚ್ಚಳವಾಗಿ ಕಾಣುತ್ತದೆ.

ಮೊದಲ ಪೆಟ್ಟು ಆರ್‌ಟಿಒ ಕಚೇರಿಯದು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಐವತ್ತು ಲಕ್ಷದ ಗಾಡಿಗೆ ಹತ್ತಿರ ಹತ್ತಿರ 10 ಲಕ್ಷ ರೂಪಾಯಿ. ವಿದ್ಯುತ್ ವಾಹನಗಳಿಗೆ 2016ರಿಂದ ಈ ತೆರಿಗೆಯೇ ಇರಲಿಲ್ಲ. 2024ರ ಮಾರ್ಚ್‌ನಿಂದ 25 ಲಕ್ಷ ಮೀರಿದವುಗಳಿಗೆ ಶೇ 10 ಹಾಕಿದರು. ಅಂದರೆ ಪೆಟ್ರೋಲ್ ಗಾಡಿ ಕಟ್ಟುವುದರ ಹತ್ತಿರ ಹತ್ತಿರ ಅರ್ಧ. ದಸರಾ ಹೊತ್ತಿಗೆ 25 ಲಕ್ಷದ ಒಳಗಿನ ವಿದ್ಯುತ್ ಕಾರಿಗೆ ಒಂದು ಪೈಸೆಯೂ ಇರಲಿಲ್ಲ. ಈ 25 ಲಕ್ಷದ ಗೆರೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಈ ದರಗಳು ಬಜೆಟ್ ಬಂದಾಗಲೆಲ್ಲ ಅಲುಗಾಡುವಂಥವು. ಬುಕಿಂಗ್ ದಿನದ ದರವನ್ನು ಆರ್‌ಟಿಒ ಕಚೇರಿಯಲ್ಲೇ ಕೇಳಿಕೊಳ್ಳಬೇಕು, ಷೋರೂಂ ಹುಡುಗರ ಮಾತು ನೆಚ್ಚಬಾರದು.

ಗಡಿ ಜಿಲ್ಲೆಯವರಿಗೆ ಇಲ್ಲೊಂದು ಆಸೆ ಹುಟ್ಟುತ್ತದೆ. ತೆಲಂಗಾಣ ಸರ್ಕಾರ 2024ರ ನವೆಂಬರ್‌ನಲ್ಲಿ ವಿದ್ಯುತ್ ವಾಹನಗಳಿಗೆ ರಸ್ತೆ ತೆರಿಗೆ, ನೋಂದಣಿ ಶುಲ್ಕ ಎರಡನ್ನೂ 2026ರ ಕೊನೆಯವರೆಗೆ ಮನ್ನಾ ಮಾಡಿತ್ತು. ಹೈದರಾಬಾದಿನಲ್ಲಿ ಬೀಗರ ಮನೆ ಇಲ್ಲದ ರಾಯಚೂರಿನವರು ಯಾರಿದ್ದಾರೆ? ‘ಅವರ ವಿಳಾಸ ಕೊಟ್ಟು ಟಿಜಿ ನಂಬರ್ ಮಾಡಿಸಿಬಿಡ್ರಿ’ ಎಂಬ ಸಲಹೆ ನಮಗೂ ಬಂತು. ಗಾಡಿ ನಿಲ್ಲುವುದು ರಾಯಚೂರಿನಲ್ಲಿ, ಓಡುವುದು ಮಾನ್ವಿಗೆ. ಬೇರೆ ರಾಜ್ಯದ ವಾಹನ 12 ತಿಂಗಳು ಮೀರಿ ಇಲ್ಲಿ ಉಳಿದರೆ ಮರುನೋಂದಣಿ ಮಾಡಿಸಲೇಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 47ನೇ ಕಲಂ. ಆಗ ಇಲ್ಲಿನ ತೆರಿಗೆ ತಪ್ಪದು. ಅಪಘಾತವಾದಾಗ ವಿಮೆಯವರು ವಿಳಾಸ ಕೆದಕಿದರೆ ಇನ್ನೊಂದು ತಲೆನೋವು. ನನ್ನ ಬಳಿ ಬಂದ ಯಾರಿಗೂ ನಾನು ಈ ದಾರಿ ತೋರಿಸಿಲ್ಲ. ನಾವು ದುಡಿಯುವ ಜಿಲ್ಲೆಯ ರಸ್ತೆಗೆ ನಮ್ಮ ತೆರಿಗೆ ಬೀಳಲಿ ಎಂಬ ಆಸೆಯೂ ನನಗಿದೆ. ದೇವದುರ್ಗದ ದಾರಿಯಲ್ಲಿ ಒಮ್ಮೆ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಓಡಿಸುವ ಖರ್ಚು. ರಾಯಚೂರಿನಿಂದ ಕಲ್ಲೂರು ಮೇಲೆ ಮಾನ್ವಿಗೆ ಹೋಗಿಬಂದರೆ 90 ಕಿ.ಮೀ. ಸುತ್ತಮುತ್ತ. ಅಕ್ಕನ ಮನೆ ದೇವದುರ್ಗದಲ್ಲಿ, ಗಬ್ಬೂರಿನ ದಾರಿ. ಅದು ಇನ್ನೂ ತುಸು ದೂರ. ಎಲ್ಲ ಸೇರಿ ವರ್ಷಕ್ಕೆ 24,000 ಕಿ.ಮೀ. ಎಂದು ಹಿಡಿದೆ. ಎ.ಸಿ. ಹಾಕಿಕೊಂಡು ಹಂಪ್‌ಗಳನ್ನು ಹತ್ತಿಳಿಯುತ್ತ ಓಡುವ ಪೆಟ್ರೋಲ್ ಗಾಡಿಗೆ ಲೀಟರ್‌ಗೆ 11 ಕಿ.ಮೀ. ಹಿಡಿದರೆ, 103 ರೂಪಾಯಿ ದರದಲ್ಲಿ ವರ್ಷಕ್ಕೆ ಸುಮಾರು 2.25 ಲಕ್ಷ ರೂಪಾಯಿ ಟ್ಯಾಂಕಿಗೆ. ವಿದ್ಯುತ್ ಗಾಡಿಗೆ ಚಾರ್ಜಿಂಗ್‌ನಲ್ಲಿ ಸೋರುವುದೂ ಸೇರಿ 100 ಕಿ.ಮೀ.ಗೆ 20 ಯೂನಿಟ್, ವರ್ಷಕ್ಕೆ 4,800 ಯೂನಿಟ್. ಮನೆ ಬಳಕೆಯ ದರ ಆಗ ಯೂನಿಟ್‌ಗೆ 5.80 ರೂಪಾಯಿ ಇತ್ತು, ತೆರಿಗೆ ಮತ್ತಿತರ ಶುಲ್ಕ ಕೂಡಿಸಿ 7 ಎಂದಿಟ್ಟುಕೊಂಡೆ. ಹೈದರಾಬಾದ್, ಬೆಂಗಳೂರಿನ ದಾರಿಯ ವೇಗದ ಚಾರ್ಜರ್‌ಗಳಲ್ಲಿ ಯೂನಿಟ್‌ಗೆ 20 ರೂಪಾಯಿಗೂ ಮೇಲೆ ಬೀಳುವುದರಿಂದ, ಕಾಲುಭಾಗ ಅಲ್ಲಿ ಎಂದು ಸೇರಿಸಿದರೂ ವರ್ಷಕ್ಕೆ 52,000 ರೂಪಾಯಿ ದಾಟಲಿಲ್ಲ.

ಇಷ್ಟಕ್ಕೇ ಲೆಕ್ಕ ಮುಗಿಸುವವರು, ತಿಂಗಳಿಗೆ 200 ಯೂನಿಟ್‌ವರೆಗೆ ಮನೆಗೆ ಪುಕ್ಕಟೆ ಕರೆಂಟು ಕೊಡುವ ಗೃಹಜ್ಯೋತಿ ಯೋಜನೆಯನ್ನು ಮರೆತಿರುತ್ತಾರೆ. ನಮ್ಮ ರಾಯಚೂರಿನ ಮನೆಯ ಮೀಟರ್ ಅಮ್ಮನ ಹೆಸರಿನಲ್ಲಿದೆ, ಯೋಜನೆ ಬಂದಾಗಿನಿಂದ ಸೊನ್ನೆ ಬಿಲ್ಲು. ಕಾರು ತಿಂಗಳಿಗೆ 300 ಯೂನಿಟ್ ಕುಡಿಯತೊಡಗಿದರೆ ಬಳಕೆ 200 ದಾಟುತ್ತದೆ. ಆಗ ಕಾರಿನದಷ್ಟೇ ಅಲ್ಲ, ಫ್ಯಾನು, ಫ್ರಿಜ್ಜು, ಪೂಜೆ ಮನೆಯ ದೀಪ ಎಲ್ಲದರ ಬಿಲ್ಲನ್ನೂ ಪೂರ್ತಿ ಕಟ್ಟಬೇಕು. ಕಾರಿಗಾಗಿ ಮಂಜೂರಾದ ಲೋಡ್ ಹೆಚ್ಚಿಸಿಕೊಂಡರೆ ಕಿಲೋವ್ಯಾಟ್ ಲೆಕ್ಕದಲ್ಲಿ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಇದಕ್ಕೆಂದು ವರ್ಷಕ್ಕೆ ಇನ್ನೂ ಇಪ್ಪತ್ತು ಸಾವಿರ ಸೇರಿಸಿದೆ. ಇವಿ ಚಾರ್ಜಿಂಗ್‌ಗೆಂದೇ ಬೇರೆ ದರವಿದೆ, ಅದರ ಬಗ್ಗೆ ಜೆಸ್ಕಾಂ ಉಪವಿಭಾಗದಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು. ಹೊಲದ ಪಂಪ್‌ಸೆಟ್ ಲೈನಿಗೆ ಕಾರು ತಗುಲಿಸುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಆ ಕರೆಂಟನ್ನು ಬೆಳೆಗೆಂದು ಪುಕ್ಕಟೆ ಕೊಟ್ಟಿದ್ದಾರೆ.

ಇಷ್ಟೆಲ್ಲ ಕೂಡಿಸಿದ ಮೇಲೂ ವಿದ್ಯುತ್ ಗಾಡಿಯಿಂದ ವರ್ಷಕ್ಕೆ ಒಂದೂವರೆ ಲಕ್ಷ ಉಳಿಯುತ್ತಿತ್ತು. ಐದು ವರ್ಷಕ್ಕೆ ಏಳೂವರೆ ಲಕ್ಷ, ಆರ್‌ಟಿಒದಲ್ಲಿ ಉಳಿದ ಐದು ಲಕ್ಷ ಬೇರೆ. ಮಾರುವಾಗ ವಿದ್ಯುತ್ ಕಾರಿನ ಬೆಲೆ ಹೆಚ್ಚು ಕುಸಿಯುತ್ತದೆಂಬ ಭಯ ಸುಳ್ಳಲ್ಲ. ಪೆಟ್ರೋಲ್ ಗಾಡಿ ಅರ್ಧ ಬೆಲೆಗೆ ಹೋದರೆ ಇದು ಮೂರನೇ ಒಂದು ಭಾಗಕ್ಕಷ್ಟೇ ಹೋಗುತ್ತದೆ ಎಂದು ಕಟುವಾಗಿಯೇ ಹಿಡಿದೆ. ಆಗಲೂ ನಾಲ್ಕು ಲಕ್ಷದಷ್ಟು ವಿದ್ಯುತ್ ಗಾಡಿಯೇ ಮುಂದಿತ್ತು. ಮಗ ಗೆದ್ದ ಎಂದು ಅತ್ತಿಗೆ ಚಹಾ ತಂದರು.

ಆದರೆ ಲೆಕ್ಕದ ಹಾಳೆಯ ದೊಡ್ಡ ಅಂಕಿ ಪೆಟ್ರೋಲೂ ಅಲ್ಲ, ಕರೆಂಟೂ ಅಲ್ಲ. ಎರಡಕ್ಕೂ ಸಮನಾಗಿದ್ದ ಆ ಐವತ್ತು ಲಕ್ಷ. ಅಪ್ಪ-ಮಗ ಇಬ್ಬರೂ ಅದನ್ನು ಪ್ರಶ್ನಿಸಿರಲಿಲ್ಲ.

ಮಿಲ್ಲಿನವರ ಹಣದ ಓಡಾಟ ಸಂಬಳದವರದರಂತಲ್ಲ. ಸುಗ್ಗಿಯಲ್ಲಿ ಭತ್ತ ಬಂದಾಗ ರೈತರಿಗೆ ಕೈಯಲ್ಲಿ ದುಡ್ಡು ಕೊಡಬೇಕು; ಅಕ್ಕಿ ಮಾರಿ ಹಣ ಬರುವುದು ತಡ. ಆ ನಡುವಿನ ಹೊತ್ತಿಗೆ ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆಯೇ ಗತಿ. ಅಣ್ಣನ ಸಿಸಿಗೆ ಬಡ್ಡಿ ಶೇ 10ರ ಹತ್ತಿರ. ಅವನು ಕಾರಿಗೆ ಹಾಕುವ ಒಂದೊಂದು ಲಕ್ಷವೂ ಸಿಸಿಯಿಂದ ಒಂದು ಲಕ್ಷ ಹೆಚ್ಚು ಎತ್ತಿಸುತ್ತದೆ. ಐವತ್ತು ಲಕ್ಷದ ಗಾಡಿ ರಸ್ತೆಗಿಳಿಯುವಾಗ ಅರವತ್ತರ ಹತ್ತಿರ ಹೋಗುತ್ತದೆ. 25 ಲಕ್ಷದೊಳಗಿನ ವಿದ್ಯುತ್ ಗಾಡಿಗೂ ಅದಕ್ಕೂ ಅಂತರ 30 ಲಕ್ಷಕ್ಕೂ ಮೇಲೆ. ಮೂವತ್ತು ಲಕ್ಷಕ್ಕೆ ಶೇ 10ರಂತೆ ವರ್ಷಕ್ಕೆ 3 ಲಕ್ಷ ಬಡ್ಡಿ. ಪೆಟ್ರೋಲ್ ಗಾಡಿಯ ವರ್ಷದ ಪೆಟ್ರೋಲಿಗಿಂತ ಇದೇ ಹೆಚ್ಚು! ಇಂಧನದಲ್ಲಿ ಒಂದೂವರೆ ಲಕ್ಷ ಉಳಿಸಿ, ಬಡ್ಡಿಗೆ ಮೂರು ಲಕ್ಷ ಕಟ್ಟುವ ವ್ಯವಹಾರ ಅದು.

ಸಾಲದ ಮೇಲೆ ತರೋಣ ಎಂದ ಅಣ್ಣ. 40 ಲಕ್ಷಕ್ಕೆ ಶೇ 9ರಲ್ಲಿ ಐದು ವರ್ಷದ ಕಂತು ತಿಂಗಳಿಗೆ 83,000 ರೂಪಾಯಿ, ಒಟ್ಟು ಬಡ್ಡಿ ಹತ್ತಿರ 10 ಲಕ್ಷ. ಏಳು ವರ್ಷಕ್ಕೆ ಎಳೆದರೆ ಕಂತು 64,000ಕ್ಕೆ ಇಳಿದು ಬಡ್ಡಿ 14 ಲಕ್ಷಕ್ಕೆ ಏರುತ್ತದೆ. ವಿದ್ಯುತ್ ಕಾರಿನ ಸಾಲದ ಬಡ್ಡಿಗೆ ಒಂದೂವರೆ ಲಕ್ಷದವರೆಗೆ ವಿನಾಯಿತಿ ಕೊಡುತ್ತಿದ್ದ 80ಇಇಬಿ ಕಲಂ, 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗಷ್ಟೇ. ಈಗಲೂ ಅದನ್ನು ತೋರಿಸಿ ಗಿರಾಕಿ ಹಿಡಿಯುವವರಿದ್ದಾರೆ, ಎಚ್ಚರ.

‘ತಂಗಿ, ಮಿಲ್ಲಿನ ಮುಂದ ಗಾಡಿ ನಿಂತ್ರ ಮಂದಿಗೆ ನಂಬಿಕಿ ಬರ್ತದ’ ಎಂದ ಅಣ್ಣ. ಅದನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಭತ್ತ ತರುವ ರೈತ, ಉದ್ರಿ ಕೊಡುವ ವ್ಯಾಪಾರಿ ಇಬ್ಬರೂ ಮಾಲೀಕನ ಕಳೆ ನೋಡುತ್ತಾರೆ. ಆದರೆ ಮಾನ್ವಿಯ ಮಿಲ್ಲಿನ ಮೇಲೆ ನಂಬಿಕೆ ಇಡುವವನು, ತೂಕವಾದ ದಿನವೇ ತನ್ನ ದುಡ್ಡು ಕೈಗೆ ಬಂತೇ ಎಂಬುದನ್ನೇ ಮೊದಲು ನೋಡುವುದು. ‘ಆ ಮೂವತ್ತು ಲಕ್ಷ ಸಿಸಿಯೊಳಗ ಇದ್ರ, ಸುಗ್ಗಿಯೊಳಗ ಯಾರಿಗೂ ನಾಳಿ ಬಾ ಅನ್ನಬೇಕಾಗಂಗಿಲ್ಲಣ್ಣ’ ಎಂದೆ. ಅವನು ಸುಮ್ಮನಾದ.

ದೇವದುರ್ಗದ ಅಕ್ಕನ ಮನೆಯ ಮಾಮನ ಮಾತು ನೇರ. ಅವರದು ನಾರಾಯಣಪುರ ಬಲದಂಡೆ ಕಾಲುವೆಯ ನೀರು, ಹತ್ತಿ, ಮೆಣಸಿನಕಾಯಿ. ‘ಹತ್ತಿ ರೊಕ್ಕ ವರ್ಷಕ್ಕೊಮ್ಮಿ, ಕಂತು ತಿಂಗಳಿಗೊಮ್ಮಿ. ಇದೆಂಥ ಜೋಡಿ?’ ಎಂದರು. ಅವರೇ ಷೋರೂಂನಿಂದ ಓಡಿಸಿ ನೋಡಲು ತಂದ ಗಾಡಿಯನ್ನು ಗಬ್ಬೂರಿನ ಆಚೆಯ ಒಂದು ಹಂಪಿನ ಮುಂದೆ ನಿಲ್ಲಿಸಿ, ಇಳಿದು, ಬಗ್ಗಿ, ಹೊಟ್ಟೆಗೂ ಡಾಂಬರಿಗೂ ನಡುವಿನ ಜಾಗವನ್ನು ಗೇಣು ಹಾಕಿ ನೋಡಿದವರು. ಬ್ಯಾಟರಿ ಇರುವುದು ಆ ಹೊಟ್ಟೆಯಲ್ಲೇ. ನಾಲ್ಕು ಜನ ಕೂತಾಗ ತಾಗುವ ಗಾಡಿ ಈ ಕಡೆಗೆ ಬೇಡ ಎಂದು ಅವರು ಹೇಳಿದ್ದನ್ನು ಯಾವ ಹಾಳೆಯಲ್ಲೂ ಅಂಕಿಯಾಗಿ ಬರೆಯಲಾಗದು. ಆ ಜರ್ಮನ್ ಗಾಡಿಯ ಸರ್ವಿಸ್‌ಗೆ ನಮಗೆ ಹೈದರಾಬಾದೇ ಹತ್ತಿರ ಎಂಬುದೂ ಅಲ್ಲೇ ಸೇರಿತು.

ಕೊನೆಗೆ ನಾವು ತಂದದ್ದು ಸ್ವದೇಶಿ ಕಂಪನಿಯ ವಿದ್ಯುತ್ ಗಾಡಿ, 25 ಲಕ್ಷದ ಗೆರೆಯೊಳಗಿನದು. ಮಹೀಂದ್ರ ಎಕ್ಸ್‌ಇವಿ 9ಇ, ಟಾಟಾ ಹ್ಯಾರಿಯರ್ ಇವಿ ಎರಡನ್ನೂ ನೋಡಿದ್ದೆವು. ಎರಡರ ಆರಂಭದ ಬೆಲೆಯೂ ಆಗ 22 ಲಕ್ಷದೊಳಗಿತ್ತು, ಎರಡೂ ಖಾಸಗಿಯಾಗಿ ನೋಂದಾಯಿಸುವ ಮೊದಲ ಮಾಲೀಕರಿಗೆ ಬ್ಯಾಟರಿಗೆ ಜೀವಿತಾವಧಿ ವಾರಂಟಿ ಕೊಡುತ್ತಿದ್ದವು. ಫರ್ಮ್ ಹೆಸರಿಗೆ ಕೊಂಡರೆ ಆದಾಯ ತೆರಿಗೆಯಲ್ಲಿ ಸವಕಳಿ ಸಿಗುತ್ತದೆ. ಪೆಟ್ರೋಲ್ ಕಾರಿಗೆ ಶೇ 15, ವಿದ್ಯುತ್ ವಾಹನಕ್ಕೆ ಶೇ 40. ಕೊಂಡ ಆರ್ಥಿಕ ವರ್ಷದಲ್ಲಿ 180 ದಿನ ಬಳಸಿರಬೇಕು, ಇಲ್ಲದಿದ್ದರೆ ಅರ್ಧ. 2025ರ ವಿಜಯದಶಮಿ ಅಕ್ಟೋಬರ್ 2ಕ್ಕೆ ಬಿದ್ದಿತ್ತು. ಅಂದು ರಸ್ತೆಗಿಳಿದ ಗಾಡಿಗೆ ಪೂರ್ತಿ ಸವಕಳಿ, ದೀಪಾವಳಿಗೆ ಇಳಿದದ್ದಕ್ಕೆ ಅರ್ಧ. ಆದರೆ ಫರ್ಮ್ ಹೆಸರಾದರೆ ಬ್ಯಾಟರಿ ವಾರಂಟಿಯ ಷರತ್ತು ಬದಲಾಗಬಹುದು, ಮನೆಯ ಓಡಾಟದ ಪಾಲನ್ನು ಖರ್ಚಿನಿಂದ ತೆಗೆಯಬೇಕು, ಕಟ್ಟಿದ ಜಿಎಸ್‌ಟಿಯೂ ವಾಪಸ್ ಬರುವುದಿಲ್ಲ. ಅಣ್ಣ ತನ್ನ ಹೆಸರಿಗೇ ಮಾಡಿಸಿದ. ಹತ್ತು ಲಕ್ಷ ಮೀರಿದ ಕಾರಿಗೆ ಷೋರೂಂನವರು ಹಿಡಿಯುವ ಶೇ 1 ಟಿಸಿಎಸ್ ಖರ್ಚಲ್ಲ, ರಿಟರ್ನ್ಸ್‌ನಲ್ಲಿ ತೆರಿಗೆಗೆ ಹೊಂದಿಸಿಕೊಳ್ಳಬಹುದು. ಎಷ್ಟೋ ಜನ ಅದನ್ನು ಬಿಟ್ಟೇಬಿಡುತ್ತಾರೆ.

ಚಾರ್ಜರ್ ಕೂರಿಸುವ ದಿನ ಅರ್ಥಿಂಗ್ ಸಾಲದೆಂದು ಕೆಂಪು ದೀಪ ಉರಿಯಿತು. ಹಳೆಯ ಮನೆ, ಅರ್ಥಿಂಗ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ಎಲೆಕ್ಟ್ರಿಷಿಯನ್ ಹೊಸ ಗುಂಡಿ ತೋಡಿ, ಇದ್ದಿಲು-ಉಪ್ಪು ಪದರ ಪದರವಾಗಿ ತುಂಬಿ, ನೀರು ಹೊಯ್ದು, ಮೀಟರ್ ಬೋರ್ಡಿನಿಂದ ದಪ್ಪ ಕೇಬಲ್ ಎಳೆದ. 43-44 ಡಿಗ್ರಿ ಸುಡುವ ನಮ್ಮ ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಬೀಳಲೇಬೇಕು. ಮಧ್ಯಾಹ್ನ ಬಂದ ಕಾದ ಗಾಡಿಯನ್ನು ತಕ್ಷಣ ಚಾರ್ಜಿಗೆ ಹಾಕುವುದಿಲ್ಲ. ರಾತ್ರಿ ತಂಪಾದ ಮೇಲೆ ಹಾಕುತ್ತೇವೆ. ಹೈದರಾಬಾದಿಗೆ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದಾಗ ಅಲ್ಲೇ ಒಂದು ಚಾರ್ಜು, ವಾಪಸ್ಸಿಗೆ ಸಾಕು.

ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಹೊಗೆ ನೋಡುತ್ತ ಬೆಳೆದವರಿಗೆ, ವಿದ್ಯುತ್ ಕಾರು ಎಂದರೆ ಹೊಗೆಯಿಲ್ಲ ಎಂಬ ಮಾತು ಸುಲಭವಾಗಿ ಗಂಟಲಿಗಿಳಿಯದು. 1985ರಿಂದ ಅಲ್ಲಿ ಕಲ್ಲಿದ್ದಲು ಉರಿಯುತ್ತಿದೆ, ಬೂದಿ ನಮ್ಮ ಜಿಲ್ಲೆಯವರ ಎದೆಗೇ ಇಳಿದಿದೆ. ಅದಕ್ಕೇ ಉಳಿದ ಹಣದಲ್ಲಿ ಮೊದಲು ಮಾಳಿಗೆಯ ಸೋಲಾರ್ ಆಗಲಿ ಎಂದು ನಾನು ಪಟ್ಟು ಹಿಡಿದೆ. ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ. ನಮ್ಮ ಬಿಸಿಲಿಗೆ ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಹಿಡಿದರೆ ತಿಂಗಳಿಗೆ 360 ಯೂನಿಟ್, ಅಂದರೆ ಮನೆಯಲ್ಲಿ ಕಾರು ಕುಡಿಯುವಷ್ಟು ಮಾಳಿಗೆಯ ಮೇಲೇ ಹುಟ್ಟುತ್ತದೆ.

ಅದೇ ವರ್ಷದ ನವೆಂಬರ್‌ನಲ್ಲಿ, ತುಂಗಭದ್ರಾ ಅಣೆಕಟ್ಟೆಯ ಕ್ರಸ್ಟ್ ಗೇಟ್‌ಗಳನ್ನು ಬದಲಿಸಬೇಕಿರುವುದರಿಂದ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನ ಬಂತು. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದ ಮೇಲೆ ಆ ಕೆಲಸ ಆಗಲೇಬೇಕಿತ್ತು. ಆದರೆ ಎಡದಂಡೆಯ ಕೊನೆಭಾಗದ ಮಾನ್ವಿಗೆ ಬೇಸಿಗೆ ಭತ್ತವಿಲ್ಲ ಎಂದರೆ ಮಿಲ್ಲಿಗೂ ಅರ್ಧ ವರ್ಷ ಭತ್ತವಿಲ್ಲ. ಆ ಸುದ್ದಿ ಬಂದ ವಾರ ಅಣ್ಣ ಸಿಸಿ ಖಾತೆಯ ಸ್ಟೇಟ್‌ಮೆಂಟ್ ತೆಗೆದು, ಮುಂಗಾರು ಭತ್ತವನ್ನೇ ಎಷ್ಟು ಹೆಚ್ಚು ಕೊಂಡಿಟ್ಟುಕೊಳ್ಳಬಹುದು ಎಂದು ನನ್ನೊಡನೆ ಕೂತು ಲೆಕ್ಕ ಹಾಕಿದ. ಕಾರಿಗೆ ಹೋಗದೆ ಉಳಿದ ಮೂವತ್ತು ಲಕ್ಷದಲ್ಲಿ ಸೋಲಾರ್ ಪಾಲು ಕಳೆದು, ಉಳಿದದ್ದೆಲ್ಲ ಭತ್ತಕ್ಕೇ ಹೋಯಿತು.