ಬಾಣಂತನ ಮುಗಿಸಿ ಕೆಲಸಕ್ಕೆ ಮರಳುವಾಗ

ಹೆರಿಗೆ ರಜೆ ಮುಗಿಯುತ್ತಾ ಬಂದಂತೆ ಅಳುಕು ಶುರುವಾಗುತ್ತದೆ. ಹಳೆಯ ರವಿಕೆ ತೋಳಿಗೆ ಏರುವುದಿಲ್ಲ, ತಲೆ ಬಾಚಿದರೆ ಕೈತುಂಬ ಕೂದಲು, ರಾತ್ರಿ ನಿದ್ದೆಯಿಲ್ಲ. ‘ಮೊದಲಿನ ಹಾಗೆ ಕೆಲಸ ಮಾಡಲು ಆಗುತ್ತದೆಯೇ’ ಎಂಬ ಪ್ರಶ್ನೆ ಬೇರೆ. ನಿಮ್ಮ ದೇಹ ಬದಲಾಗಿದೆ, ಕಲಿತ ಕೆಲಸ ಎಲ್ಲಿಗೂ ಹೋಗಿಲ್ಲ. ಆದರೆ ಎಷ್ಟೋ ಕಚೇರಿಗಳು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಶ್ರೀಮಂತ ದೇಶಗಳಲ್ಲೂ ಒಂದೇ ವೃತ್ತಿಯ ಗಂಡು, ಹೆಣ್ಣಿನ ಸಂಬಳದ ಅಂತರ ಹೆಚ್ಚಾಗಿ ಮೊದಲ ಮಗು ಹುಟ್ಟಿದ ಮೇಲೆಯೇ ಹಿಗ್ಗುತ್ತದೆ ಎಂಬುದನ್ನು 2023ರ ಅರ್ಥಶಾಸ್ತ್ರ ನೊಬೆಲ್ ಪುರಸ್ಕೃತೆ ಕ್ಲಾಡಿಯಾ ಗೋಲ್ಡಿನ್ ತೋರಿಸಿಕೊಟ್ಟಿದ್ದಾರೆ. ಹಾಗಾಗಿ ಮರಳುವ ಮುನ್ನವೇ ತಯಾರಿ ಬೇಕು.

1. ತಿಂಗಳ ಮೊದಲೇ ಬರೆದು ತಿಳಿಸಿ
ಮರಳುವ ದಿನಾಂಕ, ರಜೆಗೆ ಮುಂಚೆ ಇದ್ದ ಹುದ್ದೆ ಮತ್ತು ಹೊಣೆಗಳನ್ನು ನಮೂದಿಸಿ ಎಚ್‌.ಆರ್‌. ವಿಭಾಗಕ್ಕೆ ಇಮೇಲ್ ಕಳಿಸಿ. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವುದು, ನಷ್ಟವಾಗುವಂತೆ ಷರತ್ತು ಬದಲಿಸುವುದು ಕಾನೂನುಬಾಹಿರ. ಮನೆಯಿಂದ ಕೆಲಸ ಮಾಡಲು ಸಾಧ್ಯವಿದ್ದರೆ ಅದನ್ನೂ ಈಗಲೇ ಕೇಳಿ. ಫೋನಿನಲ್ಲಿ ಒಪ್ಪಿದ್ದನ್ನು ಮತ್ತೆ ಇಮೇಲ್‌ನಲ್ಲಿ ಖಚಿತಪಡಿಸಿಕೊಳ್ಳಿ.

2. ಹಕ್ಕುಗಳನ್ನು ತಿಳಿದಿರಿ
ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. 50 ಅಥವಾ ಹೆಚ್ಚು ಉದ್ಯೋಗಿಗಳಿರುವಲ್ಲಿ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು. ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು. ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲೂಡಿಸಲು, ಊಟದ ವಿರಾಮ ಬಿಟ್ಟು, ದಿನಕ್ಕೆ ಎರಡು ವಿರಾಮಗಳು ಸಿಗಬೇಕು.

3. ಹಾಲಿನ ವ್ಯವಸ್ಥೆ ಮಾಡಿಕೊಳ್ಳಿ
ಕೆಲಸ ಶುರುವಾಗುವ ಎರಡು ವಾರ ಮುಂಚೆಯೇ ಹಾಲು ಹಿಂಡಿ ತೆಗೆಯುವುದನ್ನು ರೂಢಿಸಿಕೊಳ್ಳಿ. ಶುಚಿಯಾದ, ಮುಚ್ಚಳವಿರುವ ಪಾತ್ರೆಯಲ್ಲಿ ಅದು ಕೋಣೆಯ ಉಷ್ಣತೆಯಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಕೆಡುವುದಿಲ್ಲ. ಬೇಸಿಗೆಯಲ್ಲಿ ತಡಮಾಡದೆ ಫ್ರಿಜ್‌ಗೆ ಇಡಿ. ಕಚೇರಿಯಲ್ಲಿ ಚಿಲಕವಿರುವ ಕೋಣೆ ಕೇಳಿ, ಶೌಚಾಲಯ ಇದಕ್ಕೆ ತಕ್ಕ ಜಾಗವಲ್ಲ. ಎದೆ ಗಟ್ಟಿಯಾಗಿ, ಕೆಂಪಾಗಿ, ಜ್ವರ ಬಂದರೆ ವೈದ್ಯರನ್ನು ಕಾಣಿ.

4. ದೇಹದ ಮಾತು ಕೇಳಿ
ಹೆರಿಗೆಯಾದ ಕೆಲವು ತಿಂಗಳಿಗೆ ಕೂದಲು ಉದುರುವುದು ಸಹಜ. ಸಾಮಾನ್ಯವಾಗಿ ಮಗುವಿಗೆ ವರ್ಷವಾಗುವ ಹೊತ್ತಿಗೆ ಮತ್ತೆ ತುಂಬಿಕೊಳ್ಳುತ್ತದೆ. ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರಿದರೆ ನಾಚಿಕೊಂಡು ಸುಮ್ಮನಿರಬೇಡಿ. ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಕಲಿಸುತ್ತಾರೆ. ಸುಸ್ತು ಹೋಗದಿದ್ದರೆ ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಈಗಿನ ಮೈಗೆ ಸರಿಹೊಂದುವ ಎರಡು ಮೂರು ಜೊತೆ ಬಟ್ಟೆ ಹೊಲಿಸಿಕೊಳ್ಳಿ. ‘ತೆಳ್ಳಗಾದ ಮೇಲೆ ನೋಡೋಣ’ ಎಂದು ಕಾಯಬೇಡಿ.

5. ಮನಸ್ಸನ್ನು ಕಡೆಗಣಿಸಬೇಡಿ
ಎರಡು ವಾರ ಮೀರಿಯೂ ಅಳು, ನಿರಾಸೆ, ಮಗುವಿನ ಮೇಲೂ ಅನಾಸಕ್ತಿ ಉಳಿದರೆ ಅದು ಚಿಕಿತ್ಸೆಯಿಂದ ವಾಸಿಯಾಗುವ ಪ್ರಸವಾನಂತರದ ಖಿನ್ನತೆ ಇರಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

6. ಚುಚ್ಚುಮಾತಿಗೆ ಉತ್ತರ ಕೊಡಿ
‘ಎಷ್ಟು ದಪ್ಪ ಆಗಿದ್ದೀರಿ!’ ಎಂದವರಿಗೆ, ‘ನನ್ನ ಮೈ ಬಗ್ಗೆ ಮಾತು ಬೇಡ, ಕೆಲಸದ ವಿಷಯ ಹೇಳಿ’ ಎಂದು ನೇರವಾಗಿ ಹೇಳಿ. ಮಾತು ಅಶ್ಲೀಲವಾಗಿದ್ದರೆ ದಿನಾಂಕ, ಸಾಕ್ಷಿಗಳ ಸಮೇತ ಬರೆದಿಡಿ. 10 ಅಥವಾ ಹೆಚ್ಚು ಉದ್ಯೋಗಿಗಳಿರುವಲ್ಲಿ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು. ಮೂರು ತಿಂಗಳೊಳಗೆ ಲಿಖಿತ ದೂರು ಕೊಡಿ. ಸಣ್ಣ ಅಂಗಡಿಗಳಲ್ಲಿ ದುಡಿಯುವವರು, ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

7. ಬಡ್ತಿಯ ಮಾತು ಬಿಡಬೇಡಿ
‘ಪಾಪ, ಮಗು ಚಿಕ್ಕದು’ ಎಂಬ ಕರುಣೆಯಲ್ಲೇ ಒಳ್ಳೆಯ ಪ್ರಾಜೆಕ್ಟ್‌ಗಳು ಕೈತಪ್ಪುತ್ತವೆ. ಮೊದಲ ವಾರದಲ್ಲೇ ಮೇಲಧಿಕಾರಿಯ ಜೊತೆ ಕುಳಿತು ಮುಂದಿನ ಆರು ತಿಂಗಳ ಗುರಿ ಗೊತ್ತುಮಾಡಿಕೊಳ್ಳಿ. ಮುಗಿಸಿದ ಕೆಲಸಗಳನ್ನು ವಾರವಾರ ಬರೆದಿಡಿ. ಸಂಬಳ ಪರಿಷ್ಕರಣೆಯ ವೇಳೆ ರಜೆಯ ಅವಧಿಯನ್ನು ನೆಪವಾಗಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ.

8. ಮನೆಯ ಹೊಣೆ ಹಂಚಿ
ರಾತ್ರಿ ಮಗು ಎದ್ದಾಗ ಯಾರು ಎತ್ತಿಕೊಳ್ಳಬೇಕು, ಲಸಿಕೆಗೆ ಯಾರು ಕರೆದೊಯ್ಯಬೇಕು ಎಂಬುದನ್ನು ಗಂಡನ ಜೊತೆ ಕುಳಿತು ಮೊದಲೇ ತೀರ್ಮಾನಿಸಿ. ಅಪ್ಪ ಮಾಡುವುದು ‘ಸಹಾಯ’ವಲ್ಲ, ಅದು ಅವನ ಪಾಲಿನ ಕೆಲಸ.

ಎಲ್ಲವನ್ನೂ ಒಬ್ಬಳೇ ನಿಭಾಯಿಸಬೇಕೆಂದಿಲ್ಲ. ನಿಮಗಿಂತ ಮೊದಲು ಮರಳಿದ ಸಹೋದ್ಯೋಗಿಯನ್ನು ಮಾತನಾಡಿಸಿ. ನೀವು ಇಂದು ಕೇಳಿ ಪಡೆದ ಕೋಣೆ, ವಿರಾಮ, ಗೌರವ ನಾಳೆ ಮರಳುವವಳಿಗೆ ಕೇಳದೆಯೇ ಸಿಗುವಂತಾಗಲಿ.