ಆಲೆಮನೆಯ ಹೊಸ ಒಲೆಗೆ ಸರ್ಕಾರದ ನೆರವು ಉಂಟೇ?

ಪ್ರಶ್ನೆ: ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿದ್ದೇನೆ ಸರ್. ನಮ್ಮ ಮಾವನ ಆಲೆಮನೆಯ ಒಲೆಗೆ ಜಾಲರಿ ಹಾಕಿ, ಗಾಳಿ ಹತೋಟಿಗೆ ತಗಡಿನ ಬಾಗಿಲಿಟ್ಟು, ಹೊಗೆ ಹೋಗುವ ದಾರಿಯ ಮೇಲೆ ಇನ್ನೊಂದು ಕೊಪ್ಪರಿಗೆ ಕೂರಿಸಿದ್ದೇನೆ. ಕಬ್ಬಿನ ಸಿಪ್ಪೆ ಉಳಿಯುತ್ತಿದೆ, ಕರಿ ಹೊಗೆಯೂ ತಗ್ಗಿದೆ. ಇದನ್ನೇ ಕಟ್ಟಿಕೊಡುವ ಉದ್ಯೋಗ ಮಾಡಬೇಕೆಂದಿದ್ದೇನೆ. ಸರ್ಕಾರದ ನೆರವು ಉಂಟೇ?
– ಓದುಗ, ಹೊಸಪೇಟೆ ತಾಲ್ಲೂಕು

ಉತ್ತರ: ಉಂಟು. ಆದರೆ ಅರ್ಜಿಗಿಂತ ಮೊದಲು ತಕ್ಕಡಿ ಹಿಡಿಯಿರಿ. ಒಂದು ಕೊಪ್ಪರಿಗೆ ಕಬ್ಬಿನ ಹಾಲು ಬೆಲ್ಲವಾಗಲು ಹಳೆಯ ಒಲೆಗೆ ಎಷ್ಟು ಸಿಪ್ಪೆ ಬೇಕಿತ್ತು, ಈಗ ಎಷ್ಟು ಸಾಕು ಎಂದು ತೂಗಿ, ದಿನಾಂಕದ ಸಮೇತ ಬರೆದಿಡಿ. ಹೊಗೆ ಕಡಿಮೆಯಾಗಿದೆ ಎಂಬ ಬಾಯಿಮಾತಿಗೆ ಯಾವ ಸಮಿತಿಯೂ ಹಣ ಕೊಡುವುದಿಲ್ಲ.

ಮಾದರಿ ತಯಾರಿಕೆಗೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ನಿಧಿ–ಪ್ರಯಾಸ್’ನಲ್ಲಿ 10 ಲಕ್ಷ ರೂಪಾಯಿವರೆಗೆ ಅನುದಾನವಿದೆ. 2021ರ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಯೋಜನೆ, ತಂತ್ರ ಕೆಲಸ ಮಾಡುತ್ತದೆಂದು ಸಾಬೀತು ಮಾಡಲು 20 ಲಕ್ಷದವರೆಗೆ ಅನುದಾನ, ಮಾರುಕಟ್ಟೆಗೆ ಇಳಿಯಲು 50 ಲಕ್ಷದವರೆಗೆ ಸಾಲರೂಪದ ಬಂಡವಾಳ ಎಂದು ಇಟ್ಟಿತು. ಇದಕ್ಕೆ ಅರ್ಜಿ ಹಾಕುವಾಗ ಕಂಪನಿ ನೋಂದಣಿಯಾಗಿ ಎರಡು ವರ್ಷ ದಾಟಿರಬಾರದು. ಹಾಗಾಗಿ ಅವಸರದಲ್ಲಿ ಕಂಪನಿ ನೋಂದಾಯಿಸಿ ಸುಮ್ಮನೆ ಕೂರಬೇಡಿ. ರಾಜ್ಯದ ‘ಎಲಿವೇಟ್’ ಸ್ಪರ್ಧೆಯಲ್ಲಿ 50 ಲಕ್ಷದವರೆಗೆ ಅನುದಾನ ಸಿಗುತ್ತದೆ. ಕಲ್ಯಾಣ ಕರ್ನಾಟಕಕ್ಕೆಂದೇ ಪ್ರತ್ಯೇಕ ಸುತ್ತು ನಡೆಸಿದ್ದೂ ಇದೆ, ನಿಮ್ಮ ವಿಜಯನಗರ ಜಿಲ್ಲೆ ಆ ಸೀಮೆಗೇ ಸೇರಿದ್ದು.

ಇಷ್ಟೆಲ್ಲ ಸಿಕ್ಕಿದರೂ ಒಲೆ ಕೊಳ್ಳುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಇಲ್ಲೇ ನಮ್ಮ ನಾಡಿನ ಅನುಭವ ನೆನೆಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಕಟ್ಟಿದ ‘ಅಸ್ತ್ರ’ ಕೇಂದ್ರ, ಮೂರು ಪಾತ್ರೆ ಕೂರುವ ಅಸ್ತ್ರ ಒಲೆಯನ್ನು ರೂಪಿಸಿತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅದನ್ನು ಹಳ್ಳಿಗೆ ಒಯ್ದಾಗ ಒಲೆ ಕಟ್ಟುವವರಿಗೆ ತರಬೇತಿ ಕೊಟ್ಟಿತು, ಏಕೆಂದರೆ ಒಳಗಿನ ಅಳತೆ ತಪ್ಪಿದರೆ ಉರಿಯೇ ಕೆಡುತ್ತದೆ. 1980ರ ದಶಕದಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದರ ಸಹಾಯಧನದಿಂದ ದೇಶದ ತುಂಬ ಹೊಗೆರಹಿತ ಒಲೆಗಳು ಎದ್ದವು. ಕಟ್ಟಿದ ಲೆಕ್ಕಕ್ಕೆ ಹಣ ಸಂದಿತು, ಬಳಕೆಯ ಲೆಕ್ಕ ಕೇಳುವವರು ವಿರಳ. ಬಿರುಕು ಬಿಟ್ಟಾಗ ರಿಪೇರಿಯವರಿಲ್ಲದೆ ಎಷ್ಟೋ ಒಲೆಗಳು ಮೂಲೆಗುಂಪಾದವು, 2002ರಲ್ಲಿ ಆ ರಾಷ್ಟ್ರೀಯ ಕಾರ್ಯಕ್ರಮವೂ ನಿಂತಿತು.

ಆದ್ದರಿಂದ ನಿಮಗೊಂದು ನೆರವು ಕೇಳಿದ ಹಾಗೆ ಕೊಳ್ಳುವವರಿಗೂ ಒಂದು ಕೇಳಿ. ಬೆಲ್ಲ ಆಹಾರ ಸಂಸ್ಕರಣೆಯಲ್ಲಿ ಬರುತ್ತದೆ. ಆಲೆಮನೆ ಮೇಲ್ದರ್ಜೆಗೇರಿಸಲು ಮಾಲೀಕರು ಕೆಳಗೆ ಹೇಳಿರುವ ಪಿಎಂಎಫ್‌ಎಂಇ (ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ) ಯೋಜನೆಗೆ ಅರ್ಜಿ ಹಾಕಬಹುದು. ಅವರ ಯೋಜನಾ ವರದಿಯೊಳಗೆ ನಿಮ್ಮ ಒಲೆ, ಎರಡು ಹಂಗಾಮಿನ ದುರಸ್ತಿಯ ಹೊಣೆ ಸಹಿತ ಸೇರಲಿ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದವರು ಬಾಳೆಹಣ್ಣು ಒಣಗಿಸಲು ಸೋಲಾರ್ ಡ್ರೈಯರ್ ಹಾಕಬೇಕಂತ ಮಾಡೀವಿ ಸರ್. ಅರ್ಧ ದುಡ್ಡು ಸರ್ಕಾರ ಕೊಡ್ತದಂತ, ಖರೆ ಏನ್ರಿ?
– ಓದುಗರು, ಕಂಪ್ಲಿ

ಉತ್ತರ: ಖರೆ ತಾಯಿ, ಆದರೆ ಅದು ಸಾಲದ ಜೊತೆಗೇ ಬರುವ ಹಣ. 2020ರಲ್ಲಿ ಶುರುವಾದ ಪಿಎಂಎಫ್‌ಎಂಇಯಲ್ಲಿ ಕೇಂದ್ರದ ಯೋಜನೆಯಂತೆ ಶೇ 35, ಅದರ ಮೇಲೆ ನಮ್ಮ ರಾಜ್ಯದ ಶೇ 15. ಒಟ್ಟು 15 ಲಕ್ಷದ ಮಿತಿ. ನಿಮ್ಮ ಕೈಯಿಂದ ಶೇ 10 ಇರಬೇಕು. ಸಹಾಯಧನ ಮೂರು ವರ್ಷ ಬ್ಯಾಂಕಿನಲ್ಲೇ ಇದ್ದು, ಘಟಕ ನಡೆಯುತ್ತಿದ್ದರೆ, ಕಂತು ಸರಿಯಾಗಿದ್ದರೆ ಸಾಲಕ್ಕೆ ವಜಾ ಆಗುತ್ತದೆ. ಈ ಷರತ್ತು ನನಗೆ ಸರಿ ಎನಿಸುತ್ತದೆ, ಯಂತ್ರ ಇಳಿಸಿದ ಮರುದಿನವೇ ಮರೆಯುವವರಿಗೆ ಇಲ್ಲಿ ಜಾಗವಿಲ್ಲ.

ಹೊಸಪೇಟೆ ನಿಮಗೆ ಹತ್ತಿರವಾದರೂ ಕಂಪ್ಲಿ ಬಳ್ಳಾರಿ ಜಿಲ್ಲೆಗೆ ಸೇರಿದ್ದು, ವಿಚಾರಣೆಗೆ ಬಳ್ಳಾರಿಗೇ ಹೋಗಿ. ಅರ್ಜಿ, ವರದಿ ತಯಾರಿಸಿಕೊಡುವ ಜಿಲ್ಲಾ ಸಂಪನ್ಮೂಲ ವ್ಯಕ್ತಿಗೆ ಸರ್ಕಾರವೇ ಸಂಭಾವನೆ ಕೊಡುತ್ತದೆ, ನೀವು ಕೊಡಬೇಕಿಲ್ಲ. ಐದಾರು ಕೆ.ಜಿ. ಹಣ್ಣಿಗೆ ಒಂದು ಕೆ.ಜಿ. ಒಣಬಾಳೆ ಸಿಕ್ಕೀತು; ಆ ಲೆಕ್ಕ ಹಾಕಿ ಮಾರಾಟದ ದರ ಕಟ್ಟಿ, ಆಮೇಲೆ ಸಾಲಕ್ಕೆ ಸಹಿ ಹಾಕಿ.

ಪ್ರಶ್ನೆ: ತೋರಣಗಲ್ಲಿನಂಥ ಭಾರಿ ಉಕ್ಕಿನ ಕಾರ್ಖಾನೆಗಳ ಹಸಿರು ಹೈಡ್ರೋಜನ್‌ಗೆ ಸರ್ಕಾರ ಯಾಕೆ ಹಣ ಕೊಡಬೇಕು? ಅದಿರು ಕೊಟ್ಟ ನಮಗೇನು ಸಿಕ್ಕಿತು?
– ಓದುಗ, ಸಂಡೂರು

ಉತ್ತರ: ಅದಿರಿನೊಳಗಿನ ಆಮ್ಲಜನಕವನ್ನು ಕಲ್ಲಿದ್ದಲಿನಿಂದ ತೆಗೆದರೆ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಹೈಡ್ರೋಜನ್ನಿನಿಂದ ತೆಗೆದರೆ ನೀರಾವಿ. ಆದರೆ ಹೈಡ್ರೋಜನ್ ದುಬಾರಿ. 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟದ್ದು ಈ ಅಂತರ ತುಂಬಲು. ತಯಾರಿಸಿದ ಪ್ರತಿ ಕೆ.ಜಿ.ಗೆ ಮೊದಲ ವರ್ಷ ಗರಿಷ್ಠ 50 ರೂಪಾಯಿ, ಆಮೇಲೆ 40, 30. ಉತ್ಪಾದನೆ ಇಲ್ಲದಿದ್ದರೆ ಹಣವೂ ಇಲ್ಲ, ವರ್ಷ ಕಳೆದಂತೆ ಇಳಿಕೆ. ಈ ಕ್ರಮವನ್ನು ನಾನು ಒಪ್ಪುತ್ತೇನೆ.

ನಿಮ್ಮ ಎರಡನೇ ಮಾತು ನ್ಯಾಯವಾದದ್ದು. ಅದಕ್ಕೆ ಬಾಗಿಲು ಬೇರೆ: ಜಿಲ್ಲಾ ಖನಿಜ ಪ್ರತಿಷ್ಠಾನ. 2015ರ ಕಾನೂನು ತಿದ್ದುಪಡಿಯಿಂದ ಬಂದ ಈ ನಿಧಿ ಗಣಿಬಾಧಿತ ಊರುಗಳಿಗೇ ಮೀಸಲು, ಅದರಲ್ಲಿ ಇಂಧನದ ಕಾಮಗಾರಿಗೂ ಅವಕಾಶವಿದೆ. ಹಾಸ್ಟೆಲ್, ಆರೋಗ್ಯ ಕೇಂದ್ರಗಳ ಮೇಲೆ ಸೌರಫಲಕ ಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಐದು ವರ್ಷದ ನಿರ್ವಹಣೆ ವೆಚ್ಚವನ್ನೂ ಅದೇ ಠರಾವಿನಲ್ಲಿ ಬರೆಸಿ.