ಕಿವಿನೋವೇ? ಎಣ್ಣೆ ಕಾಯಿಸುವ ಮೊದಲು ಇದನ್ನು ಓದಿ

ರಾತ್ರಿ ಹನ್ನೊಂದಕ್ಕೆ ಕಿವಿ ಚುಚ್ಚತೊಡಗಿದರೆ ಹೆಚ್ಚಿನ ಮನೆಗಳಲ್ಲಿ ಮೊದಲು ಒಲೆ ಹೊತ್ತುತ್ತದೆ. ಸೌಟಿನಲ್ಲಿ ಕೊಬ್ಬರಿ ಎಣ್ಣೆ, ಅದಕ್ಕೆ ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ. ದಯವಿಟ್ಟು ಆ ಸೌಟನ್ನು ಕೆಳಗಿಡಿ. ಕಿವಿಯ ತಮಟೆಯಲ್ಲಿ ತೂತಿದ್ದರೆ ಎಣ್ಣೆ ನೇರ ನಡುಕಿವಿಗೆ ಇಳಿಯುತ್ತದೆ. ಬಿಸಿ ಸ್ವಲ್ಪ ಹೆಚ್ಚಾದರೂ ಒಳಗಿನ ತೆಳು ಚರ್ಮ ಸುಡುತ್ತದೆ. ತೂತಿದೆಯೋ ಇಲ್ಲವೋ ಎಂದು ಮನೆಯಲ್ಲಿ ಕೂತು ಹೇಳಲಾಗದು.

ಮೊದಲು ನೋವು ಎಲ್ಲಿಂದ ಬರುತ್ತಿದೆ ನೋಡಿ. ಕಿವಿಯ ಹಾಲೆಯನ್ನು ಮೆಲ್ಲಗೆ ಹಿಂದಕ್ಕೆಳೆಯಿರಿ. ಕಿವಿದ್ವಾರದ ಮುಂದಿರುವ ಪುಟ್ಟ ಉಬ್ಬನ್ನು ಒತ್ತಿ. ಆಗ ನೋವು ಜಾಸ್ತಿಯಾದರೆ ತೊಂದರೆ ಬಹುಶಃ ಹೊರಗಿವಿಯ ನಾಳದಲ್ಲಿದೆ. ಈಜು, ತಲೆಸ್ನಾನದ ನೀರು ಒಳಗೇ ನಿಂತಿರಬಹುದು. ಬಡ್ಸ್, ಹೇರ್‌ಪಿನ್, ಬೆಂಕಿಕಡ್ಡಿ ಆಡಿಸಿ ಗೀರಿರಬಹುದು. ಮಳೆಗಾಲದಲ್ಲಿ ಬೂಷ್ಟು ಕೂತರೆ ನೋವಿನ ಜೊತೆ ತಡೆಯಲಾರದ ತುರಿಕೆ. ನೆಗಡಿಯ ಬೆನ್ನಿಗೇ ಕಿವಿ ಮುಚ್ಚಿಕೊಂಡು ಒಳಗೆ ಒತ್ತಿದಂತಾದರೆ, ಮೂಗಿನ ಹಿಂಬದಿಯಿಂದ ನಡುಕಿವಿಗೆ ಗಾಳಿ ಸಾಗಿಸುವ ನಾಳ ಊದಿಕೊಂಡಿರುವ ಸಾಧ್ಯತೆಯೇ ಹೆಚ್ಚು.

ದೊಡ್ಡವರಲ್ಲಿ ಎಷ್ಟೋ ಸಲ ಕಿವಿ ಸರಿಯಾಗಿಯೇ ಇರುತ್ತದೆ. ಹಲ್ಲು, ದವಡೆ, ಗಂಟಲಿಗೆ ಹೋಗುವ ನರಗಳ ಕವಲುಗಳೇ ಕಿವಿಗೂ ಬರುವುದರಿಂದ ಅಲ್ಲಿಯ ನೋವು ಇಲ್ಲಿ ಕೇಳಿಸುತ್ತದೆ. ಚಕ್ಕುಲಿ ಅಗಿಯುವಾಗ, ಆಕಳಿಸುವಾಗ ನೋವು ಏರಿದರೆ ದವಡೆಯ ಕೀಲನ್ನು ಅನುಮಾನಿಸಿ. ತಣ್ಣೀರಿಗೆ ಜುಮ್ಮೆಂದರೆ ಹುಳುಕು ಹಲ್ಲು. ಬೀಡಿ, ಸಿಗರೇಟು, ಗುಟ್ಕಾ, ತಂಬಾಕಿನ ಎಲೆಯಡಿಕೆ ಅಭ್ಯಾಸವಿದ್ದವರಿಗೆ ಒಂದು ಮಾತು ಒತ್ತಿ ಹೇಳಬೇಕು. ಒಂದೇ ಕಡೆಯ ಕಿವಿ ವಾರಗಟ್ಟಲೆ ನೋಯುತ್ತಿದ್ದು, ನುಂಗುವುದು ಕಷ್ಟವಾದರೆ ಅಥವಾ ದನಿ ಒಡೆದರೆ ಗಂಟಲನ್ನು ತೋರಿಸಿಕೊಳ್ಳಿ. ಗಂಟಲಿನ ಕ್ಯಾನ್ಸರ್ ಮೊದಲು ಕಿವಿನೋವಾಗಿ ಕಾಣಿಸಿಕೊಳ್ಳುವುದುಂಟು.

ಆ ರಾತ್ರಿ ಕಳೆಯಲು ಹೀಗೆ ಮಾಡಿ. ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹಂಚಿನ ಮೇಲೆ ಬೆಚ್ಚಗಾಗಿಸಿ, ಮಣಿಕಟ್ಟಿಗೆ ಮುಟ್ಟಿಸಿ ಬಿಸಿ ನೋಡಿಕೊಂಡು, ಕಿವಿಯ ಮೇಲೆ ಹತ್ತು ಹದಿನೈದು ನಿಮಿಷ ಇಟ್ಟುಕೊಳ್ಳಿ. ಎರಡು ದಿಂಬು ಹಾಕಿ ತಲೆ ಎತ್ತರಿಸಿ ಮಲಗಿ. ನೋಯುವ ಕಿವಿ ಮೇಲಿರಲಿ. ಯಕೃತ್ತಿನ ತೊಂದರೆ, ಕುಡಿತದ ಅಭ್ಯಾಸ ಇಲ್ಲದವರು 500 ಮಿಲಿಗ್ರಾಂನ ಒಂದು ಪ್ಯಾರಾಸಿಟಮಾಲ್ ಮಾತ್ರೆ ತೆಗೆದುಕೊಳ್ಳಬಹುದು. ಬೇಕಾದರೆ ಮತ್ತೊಂದನ್ನು ಆರು ಗಂಟೆ ಬಿಟ್ಟು. ನೆಗಡಿಯಿದ್ದರೆ ಆವಿ ತೆಗೆದುಕೊಳ್ಳಿ, ಸಿಂಬಳವನ್ನು ಜೋರಾಗಿ ಊದಿ ತೆಗೆಯಬೇಡಿ. ದವಡೆಯ ನೋವಾದರೆ ಎರಡು ದಿನ ಗಂಜಿ, ಮೆತ್ತನೆ ಅನ್ನ. ವಾಸಿಯಾಗುವವರೆಗೆ ಇಯರ್‌ಫೋನ್ ಬೇಡ. ಸ್ನಾನಕ್ಕೆ ಮುಂಚೆ ವ್ಯಾಸಲೀನ್ ಸವರಿದ ಹತ್ತಿಯುಂಡೆಯನ್ನು ಕಿವಿಯ ಬಾಯಿಗೆ ಮಾತ್ರ ಇಡಿ. ಕಳೆದ ಸಲದ ಡ್ರಾಪ್ಸ್ ಉಳಿದಿದೆಯೆಂದು ಬಿಟ್ಟುಕೊಳ್ಳಬೇಡಿ. ಗುಗ್ಗೆಯನ್ನೂ ಕೆದಕಬೇಡಿ. ಬಡ್ಸ್ ಅದನ್ನು ತೆಗೆಯುವುದಕ್ಕಿಂತ ಒಳಗೆ ತಳ್ಳುವುದೇ ಹೆಚ್ಚು.

ಎರಡು ಮೂರು ದಿನಕ್ಕೂ ಇಳಿಯದ ನೋವು, ಕೀವು, ರಕ್ತ, ಜ್ವರ ಕಂಡರೆ ಕಿವಿ-ಮೂಗು-ಗಂಟಲು ವೈದ್ಯರಲ್ಲಿಗೆ ಹೋಗಿ. ಕಿವಿಯ ಹಿಂದೆ ಬಾವು, ತಲೆಸುತ್ತು, ಬಾಯಿ ಸೊಟ್ಟಗಾಗುವುದು, ಇದ್ದಕ್ಕಿದ್ದಂತೆ ಕೇಳಿಸದಿರುವುದು ಇವಕ್ಕೆ ಒಂದು ದಿನವೂ ತಡ ಮಾಡುವಂತಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಹೊರಗಿವಿಯ ಸೋಂಕು ಮೂಳೆಗೆ ಇಳಿಯಬಲ್ಲದು. ನಿಮಗೆ ಸಕ್ಕರೆ ಕಾಯಿಲೆ ಇದ್ದು ಕಿವಿ ಸೋರುತ್ತಿದ್ದರೆ, ನೋವು ಸಣ್ಣದೇ ಆಗಿದ್ದರೂ ಅದೇ ದಿನ ತೋರಿಸಿ.